ಅಂಟುವಾಳ: ತಲೆಗೂ ಸೈ, ರೇಷ್ಮೆ ಸೀರೆಗೂ ಸೈ

ಅಂಟುವಾಳದ ನೀರು ಒಂದು ಬಾಟಲಿ ಮಾಡಿಟ್ಟುಕೊಂಡರೆ ಎಣ್ಣೆ ಹಚ್ಚಿದ ತಲೆ, ರೇಷ್ಮೆ ಸೀರೆ, ಚಿನ್ನದ ಸರ, ಪಾತ್ರೆ, ನೆಲ ಎಲ್ಲಕ್ಕೂ ಬರುತ್ತದೆ. ಆದರೆ ಅಂಗಡಿ ಸೋಪಿನ ಹಾಗೆಯೇ ಬಳಸಲು ಹೋದವರು ನಾಲ್ಕೇ ದಿನಕ್ಕೆ ಕೈಬಿಡುತ್ತಾರೆ. ಸೋಪು ಎಣ್ಣೆಗೆ ಕ್ಷಾರ ಸೇರಿ ಆಗುವಂಥದ್ದು. ಅಂಟುವಾಳದ ಸಿಪ್ಪೆಯಲ್ಲಿ ಜಿಡ್ಡು ಬಿಡಿಸುವುದು ಸಪೋನಿನ್. ಅದರ ನೀರು ತುಸು ಹುಳಿ ಗುಣದ್ದು. ಕೂದಲು, ರೇಷ್ಮೆ, ಉಣ್ಣೆ ಮೂರೂ ಕ್ಷಾರಕ್ಕೆ ಒರಟಾಗುತ್ತವೆ, ಹಾಗಾಗಿ ಈ ಮೂರಕ್ಕೆ ಇದರಷ್ಟು ಹಿತವಾದದ್ದು ಕಡಿಮೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಒಡೆದು ಬಿಳಿ ಗಸಿಯಾಗಿ ಬಕೆಟ್ಟಿಗೆ ಹತ್ತಿಕೊಳ್ಳುತ್ತದಲ್ಲ, ಅಂಟುವಾಳದಲ್ಲಿ ಆ ಕಾಟವೂ ಇಲ್ಲ.

ಕಾಯಿ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಕಡೆಯದು ಮೂರು ಕಾಯಿ ಒಟ್ಟಿಗೆ ಕೂಡಿಕೊಂಡಂತೆ ಇರುತ್ತದೆ. ಹಿಮಾಲಯದ ಕಡೆಯಿಂದ ರೀಠಾ ಎಂದು ಬರುವುದು ದುಂಡಗೆ, ದಪ್ಪಗೆ. ಎರಡೂ ಆಗುತ್ತವೆ. ಪುಡಿ ಬೇಡ, ಇಡೀ ಕಾಯನ್ನೇ ತನ್ನಿ. ಪುಡಿಯಲ್ಲಿ ಬೀಜವನ್ನೂ ಸೇರಿಸಿ ಅರೆದಿದ್ದರೆ ಗೊತ್ತಾಗುವುದಿಲ್ಲ, ಬೀಜದಿಂದ ನೊರೆ ಬರುವುದಿಲ್ಲ. ಮುರಿದು ನೋಡಿದರೆ ಒಳ್ಳೆಯ ಕಾಯಿಯ ಸಿಪ್ಪೆ ಒಳಗೆ ಬೆಲ್ಲದ ಬಣ್ಣದಲ್ಲಿ ಹೊಳೆಯುತ್ತದೆ, ಒದ್ದೆ ಬೆರಳಿಗೆ ಅಂಟುತ್ತದೆ. ಒಳಗೆ ಬೂದು ಬಣ್ಣದ ಪುಡಿ ಉದುರಿದರೆ ಹುಳು ಹಿಡಿದಿದೆ.

ಮೊದಲು ಎರಡು ಗಂಟೆ ಬಿಸಿಲಿಗೆ ಹಾಕಿ. ತೇವವಿದ್ದರೆ ಸಿಪ್ಪೆ ಬೀಜವನ್ನು ಬಿಡುವುದೇ ಇಲ್ಲ. ಗರಿಗರಿಯಾದ ಮೇಲೆ ಕುಟ್ಟಾಣಿಯಲ್ಲಿ ಮೆಲ್ಲಗೆ ಒಂದೇಟು ಹಾಕಿದರೆ ಕಪ್ಪು ಬೀಜ ಹಾರಿ ಬರುತ್ತದೆ. ಬೀಜ ತೆಗೆದ 50 ಗ್ರಾಂ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಅದೇ ನೀರಿನ ಜೊತೆ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 15–20 ನಿಮಿಷ ಕುದಿಸಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು: ಹಾಲಿಗಿಂತ ಬೇಗ ಉಕ್ಕುತ್ತದೆ, ಸ್ಟವ್ ಮೇಲೆ ಚೆಲ್ಲಿದರೆ ಒಣಗಿ ಗೋಂದಿನಂತೆ ಹಿಡಿದುಕೊಳ್ಳುತ್ತದೆ. ಆರಿದ ಮೇಲೆ ಸಿಪ್ಪೆಯನ್ನು ಚೆನ್ನಾಗಿ ಕಿವುಚಿ, ತೆಳ್ಳನೆ ಬಟ್ಟೆಯಲ್ಲಿ ಸೋಸಿ. ಚಹಾ ಡಿಕಾಕ್ಷನ್ ಬಣ್ಣದ ಗಟ್ಟಿ ನೀರು ಮುಕ್ಕಾಲು ಲೀಟರಿನಷ್ಟು ಸಿಗುತ್ತದೆ. ಚರಟ ಎಸೆಯಬೇಡಿ. ಇನ್ನೊಮ್ಮೆ ಅರ್ಧ ಲೀಟರ್ ನೀರು ಹಾಕಿ ಕುದಿಸಿದರೆ ನೆಲ ಒರೆಸಲು ಸಾಕಾಗುವಷ್ಟು ಸತ್ವ ಬಿಡುತ್ತದೆ.

ಜನ ಎಡವುವುದು ಶೇಖರಣೆಯಲ್ಲಿ. ಇದು ಹೊರಗೆ ಎರಡು ದಿನ, ಫ್ರಿಜ್ಜಿನಲ್ಲಿ ಸುಮಾರು ಒಂದು ವಾರ ಇರುತ್ತದೆ, ಅಷ್ಟೆ. ಹುಳಿತ ಗಂಜಿಯ ವಾಸನೆ ಬಂದರೆ, ಸುರಿದಾಗ ಎಳೆ ಎಳೆಯಾದರೆ ಚೆಲ್ಲಿಬಿಡಿ. ಐಸ್ ಟ್ರೇಯಲ್ಲಿ ಗಟ್ಟಿಯಾಗಿಸಿಟ್ಟರೆ ಬೇಕಾದಾಗ ನಾಲ್ಕು ತುಂಡು ತೆಗೆದುಕೊಳ್ಳಬಹುದು. ಬಚ್ಚಲಲ್ಲಿ ತಿಂಗಳುಗಟ್ಟಲೆ ಇಡುವ ಸಾಮಾನು ಇದಲ್ಲ.

ತಲೆಗೆ

ಒಂದು ಲೋಟ ಗಟ್ಟಿ ನೀರಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರು. ಎಣ್ಣೆ ಹಚ್ಚದ ತಲೆಗಾದರೆ ಇನ್ನೂ ಒಂದು ಲೋಟ ನೀರು ಬೆರೆಸಿ, ಇಲ್ಲವಾದರೆ ಕೂದಲು ನಾರಿನಂತಾಗುತ್ತದೆ. ಕುದಿಸುವಾಗಲೇ ಒಂದು ಚಮಚ ಮೆಂತ್ಯ ಹಾಕಿ, ಅಥವಾ ಆರಿದ ನೀರಿನಲ್ಲಿ ಎಂಟು–ಹತ್ತು ದಾಸವಾಳದ ಎಲೆ ಕಿವುಚಿ. ಅದರ ಲೋಳೆ ಕೂದಲನ್ನು ಮೃದುವಾಗಿಸುತ್ತದೆ. ಬುಡಕ್ಕೆ ಹಾಕಿ ಎರಡು ನಿಮಿಷ ತಿಕ್ಕಿ, ಧಾರಾಳ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ವಿಪರೀತ ಉರಿಯುತ್ತದೆ, ಗಂಟೆಗಟ್ಟಲೆ ಕೆಂಪಗಿರಬಹುದು. ಮಕ್ಕಳಿಗೆ ತಲೆ ಹಿಂದಕ್ಕೆ ಬಾಗಿಸಿ, ಹಣೆಗೆ ಬಟ್ಟೆ ಕಟ್ಟಿಯೇ ಹಾಕಿ, ಕೂಸಿಗೆ ಬೇಡ. ಮೈಗಾದರೆ ಎರಡು ಚಮಚ ಕಡಲೆಹಿಟ್ಟನ್ನು ಈ ನೀರಿನಲ್ಲಿ ಕಲಸಿ ಉಜ್ಜಿಕೊಳ್ಳಬಹುದು. ಮೊದಲ ಸಲ ಮೊಣಕೈ ಒಳಗೆ ಹಚ್ಚಿ, ಒಂದು ದಿನ ಕಾದು ನೋಡಿ.

ರೇಷ್ಮೆ ಸೀರೆಗೆ

ಒಳಸೆರಗಿನ ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಮನೆಯಲ್ಲಿ ಒಗೆಯಬೇಡಿ, ಡ್ರೈ ಕ್ಲೀನಿಂಗಿಗೆ ಕೊಡಿ. ಹತ್ತದಿದ್ದರೆ ಅರ್ಧ ಬಕೆಟ್ ತಣ್ಣೀರಿಗೆ 100 ಮಿಲಿ ಗಟ್ಟಿ ನೀರು ಬೆರೆಸಿ, ಸೀರೆಯನ್ನು ಐದು ನಿಮಿಷ ಅದ್ದಿ ಅದ್ದಿ ತೆಗೆಯಿರಿ. ನೆನೆಹಾಕಬೇಡಿ, ಉಜ್ಜಬೇಡಿ, ಹಿಂಡಬೇಡಿ: ಹಿಂಡಿದರೆ ಜರಿ ಮುರಿದು ಸುಕ್ಕು ಉಳಿಯುತ್ತದೆ. ಮೂರು ಸಲ ತಣ್ಣೀರಿನಲ್ಲಿ ಜಾಲಿಸಿ, ಟವೆಲ್ಲಿನಲ್ಲಿ ಸುತ್ತಿ ನೀರು ಒತ್ತಿ, ನೆರಳಲ್ಲಿ ಹರಡಿ. ತಿಳಿ ಬಿಳಿ ಅಥವಾ ಕೆನೆ ಬಣ್ಣದ ಸೀರೆಗೆ ಇದು ಹೊಂದುವುದಿಲ್ಲ, ಕಂದು ಛಾಯೆ ಹಿಡಿಯುತ್ತದೆ. ದಿನಬಳಕೆಯ ಬಿಳಿ ಅಂಗಿ, ಪಂಚೆಗೂ ಇದೇ ಮಾತು.

ಚಿನ್ನಕ್ಕೆ ಬೆಚ್ಚಗಿನ ನೊರೆ ನೀರು, ಮೆದು ಬ್ರಷ್ ಸಾಕು. ಆದರೆ ಕಲ್ಲಿನ ಹಿಂದೆ ತಗಡು ಕೂರಿಸಿದ ಒಡವೆಯನ್ನು ಮುಳುಗಿಸಬೇಡಿ, ನೀರು ಹೊಕ್ಕರೆ ಕಲ್ಲು ಮಂಕಾಗುತ್ತದೆ. ಬೆಳ್ಳಿಯ ಎಣ್ಣೆಜಿಡ್ಡು ಹೋಗುತ್ತದೆ, ಕಪ್ಪು ಹೋಗುವುದಿಲ್ಲ. ಅದಕ್ಕೆ ವಿಭೂತಿಯೇ ಆಗಬೇಕು. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಉಜ್ಜಿದ ಮೇಲೆ ಇದರಲ್ಲಿ ತೊಳೆದರೆ ಬತ್ತಿಯ ಜಿಡ್ಡು ಪೂರ್ತಿ ಬಿಡುತ್ತದೆ. ಕರಿದ ಬಾಣಲೆಗೆ ಮೊದಲು ಕಡಲೆಹಿಟ್ಟು ಉದುರಿಸಿ ಎಣ್ಣೆ ಒರೆಸಿ ತೆಗೆಯಿರಿ, ಆಮೇಲೆ ಅಂಟುವಾಳ. ನೊರೆ ಬೇಗ ಇಳಿದರೆ ಗಾಬರಿ ಬೇಡ, ಬೆರಳು ಜಾರುತ್ತದೆಯೇ ನೋಡಿ. ಜಾರಿದರೆ ಜಿಡ್ಡು ಇನ್ನೂ ಇದೆ.

ವಾಷಿಂಗ್ ಮೆಷಿನ್ನಿಗೆ ಆರೇಳು ಕಾಯಿಯ ಸಿಪ್ಪೆಯನ್ನು ಸಣ್ಣ ಬಟ್ಟೆ ಚೀಲದಲ್ಲಿ ಗಂಟು ಕಟ್ಟಿ, ಬಟ್ಟೆಗಳ ನಡುವೆ ಹಾಕಿ, ನೀರು 40 ಡಿಗ್ರಿ ಇರಲಿ. ತಣ್ಣೀರಿನಲ್ಲಿ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ಆಗ 100 ಮಿಲಿ ಗಟ್ಟಿ ನೀರನ್ನೇ ಸುರಿಯಿರಿ. ಚೀಲ ಮೂರು ಸಲಕ್ಕೆ ಬರುತ್ತದೆ. ಸಿಪ್ಪೆ ಮೆತ್ತಗಾಗಿ, ಹಿಂಡಿದರೆ ನೊರೆ ಬಾರದಿದ್ದರೆ ಮುಗಿಯಿತು.

ನೆಲಕ್ಕೆ ಅರ್ಧ ಬಕೆಟ್ಟಿಗೆ ಒಂದು ಲೋಟ ಎರಡನೇ ನೀರು. ಹೆಚ್ಚಾದರೆ ಕಾಲಿಗೆ ಅಂಟಂಟು, ಮತ್ತೊಮ್ಮೆ ಬರೀ ನೀರಿನಲ್ಲಿ ಒರೆಸಬೇಕಾಗುತ್ತದೆ. ಇದು ಕೊಳೆ ತೆಗೆಯುತ್ತದೆ, ಕ್ರಿಮಿನಾಶಕವಲ್ಲ. ಮನೆಯಲ್ಲಿ ವಾಂತಿ–ಭೇದಿ ಇದ್ದಾಗ ಕಕ್ಕಸಿಗೆ ಬ್ಲೀಚಿಂಗ್ ಪೌಡರನ್ನೇ ಬಳಸಿ.

ಉಳಿದ ಚರಟವನ್ನು ಗೊಬ್ಬರದ ಗುಂಡಿಗೆ ಹಾಕಿ. ನೀರನ್ನು ಮಾತ್ರ ಕೆರೆಗೆ, ತೊರೆಗೆ, ಮೀನಿನ ತೊಟ್ಟಿಗೆ ಬಿಡಬೇಡಿ. ಸಪೋನಿನ್ ಮೀನಿನ ಕಿವಿರಿಗೆ ವಿಷ.