ಮುಟ್ಟಿದರೆ ಸಾವು: ಕರಾವಳಿಯ ಹುಡುಗಿಯ ಫ್ಯಾಂಟಸಿ ಕಾದಂಬರಿ ಬರೆಯುವ ಬಗೆ

ಕೈ ತಾಗಿದವರು ಸಾಯುವ ಹುಡುಗಿಯ ಕತೆಯನ್ನು ಹದಿಹರೆಯದವರಿಗಾಗಿ ಬರೆಯಹೊರಟವರು ಮೊದಲು ಖಳನಾಯಕನನ್ನು ಹುಡುಕುತ್ತಾರೆ. ಅವನು ಆಮೇಲೆ ಬಂದರೂ ನಡೆಯುತ್ತದೆ. ಮೊದಲು ಬೇಕಾದ್ದು ಆ ಶಕ್ತಿಯ ಕಟ್ಟಳೆ. ಮೈಯ ಯಾವ ಭಾಗ ತಾಗಬೇಕು, ಎಷ್ಟು ಹೊತ್ತು ತಾಗಬೇಕು, ಬಟ್ಟೆ ಅಡ್ಡ ಇದ್ದರೆ ಏನು, ಗಿಡ-ಪ್ರಾಣಿಗಳಿಗೂ ಅನ್ವಯವೇ, ಕೊಂದ ಮೇಲೆ ಹುಡುಗಿಗೆ ಏನಾಗುತ್ತದೆ: ಈ ಐದಕ್ಕೆ ಒಂದೊಂದು ಸಾಲಿನ ಉತ್ತರ ಬರೆದು ಮೇಜಿನೆದುರು ಅಂಟಿಸಿ. ಕತೆ ಮುಗಿಯುವವರೆಗೆ ಅದನ್ನು ತಿದ್ದಬಾರದು.

ಒಂದು ಮಾದರಿ: ಬರಿ ಅಂಗೈ, ಏಳು ಎಣಿಸುವಷ್ಟು ಹೊತ್ತು. ಒಣಬಟ್ಟೆ ತಡೆಯುತ್ತದೆ, ಒದ್ದೆಬಟ್ಟೆ ತಡೆಯುವುದಿಲ್ಲ. ಈ ಕೊನೆಯ ತುಂಡೊಂದೇ ಕತೆಯನ್ನು ಮಂಗಳೂರಿಗೆ ಕಟ್ಟಿಹಾಕುತ್ತದೆ. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಊರಲ್ಲಿ ಜೂನ್ ಬಂತೆಂದರೆ ಅವಳ ಕೈಗವಸಿಗೆ ಬೆಲೆಯಿಲ್ಲ. ಮೇ ತಿಂಗಳ ಸೆಕೆಗೆ ಅದು ಬೆವರಿನಿಂದಲೇ ಒದ್ದೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಸಿಟಿ ಬಸ್ಸಿಗೆ ಅವಳನ್ನು ಹತ್ತಿಸಿ ನೋಡಿ. ನಿಂತವರ ಮೊಣಕೈ, ಮೇಲಿನ ಸರಳಿನಲ್ಲಿ ಸಾಲು ಕೈಗಳು, ಚಿಲ್ಲರೆಯನ್ನು ಅಂಗೈಗೇ ಒತ್ತುವ ಕಂಡಕ್ಟರ್. ಅವನ ಬೆರಳು ಅವಳ ಅಂಗೈಯಲ್ಲಿ ಎರಡು ಎಣಿಸುವಷ್ಟು ಹೊತ್ತು ಇರುತ್ತದೆ. ಓದುಗರು ಎಣಿಸಲು ಶುರು ಮಾಡಿದರೆ ನೀವು ಗೆದ್ದಿರಿ. ಯುದ್ಧದ ಅಧ್ಯಾಯ ಕೊಡಲಾರದ ಭಯವನ್ನು ಈ ಬಸ್ಸು ಕೊಡುತ್ತದೆ.

ಗಿಡದ ಪ್ರಶ್ನೆಯನ್ನು ಹಗುರವಾಗಿ ಬಿಡಬೇಡಿ. ಹುಡುಗಿಯ ಮನೆ ಉಡುಪಿಯ ಶಂಕರಪುರದ ಕಡೆಯದ್ದಾದರೆ ಬೆಳಗಾದರೆ ಮಲ್ಲಿಗೆ ಕಟ್ಟುವ ಕೆಲಸ ಇದ್ದೇ ಇದೆ: ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹಾಗೆ ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿ ಒಂದು ಅಟ್ಟೆ. ಅವಳ ಕೈ ಗಿಡವನ್ನೂ ಕೊಲ್ಲುತ್ತದೆ ಎಂದಿಟ್ಟರೆ ಮೊದಲ ಪುಟದಲ್ಲೇ ಮನೆಯ ಸಂಪಾದನೆಗೆ ಪೆಟ್ಟು, ಗುಟ್ಟೂ ಬಯಲು. ಕೊಲ್ಲುವುದಿಲ್ಲ ಎಂದಿಟ್ಟರೆ ಹೂ ಕಟ್ಟುವ ಹೊತ್ತೊಂದೇ ಅವಳು ಹೆದರದೆ ಕೈ ಬಿಚ್ಚುವ ಹೊತ್ತು. ಎರಡನೆಯದೇ ವಾಸಿ. ಇನ್ನು ಶಕ್ತಿಯ ಬೆಲೆಯನ್ನೂ ಆ ಕೈಯಿಂದಲೇ ವಸೂಲು ಮಾಡಿ. ಒಂದು ಸಾವಿಗೆ ಒಂದು ಬೆರಳಿನ ಸ್ಪರ್ಶ ಹೋಗುತ್ತದೆ ಎಂದುಕೊಳ್ಳಿ. ನಾರು ಬಿಗಿಯಾಯಿತೋ ಇಲ್ಲವೋ ಅವಳ ತೋರುಬೆರಳಿಗೆ ಗೊತ್ತಾಗುವುದಿಲ್ಲ, ಗಂಟು ಸಡಿಲ, ಚೆಂಡು ಎತ್ತಿದಾಗ ಹೂವು ಪೊಳಪೊಳ ಉದುರುತ್ತದೆ. ಏನಾಯಿತೆಂದು ತಾಯಿ ಕೇಳುವ ಮೊದಲೇ ಓದುಗರಿಗೆ ತಿಳಿದಿರುತ್ತದೆ.

ಸಾವುಗಳನ್ನು ಲೆಕ್ಕವಿಟ್ಟು ಖರ್ಚು ಮಾಡಿ. ಡೆಮಿ 1/8 ಅಳತೆಯ 200 ಪುಟ, ಅಂದರೆ ಸುಮಾರು 40,000 ಪದಗಳ ಕಾದಂಬರಿಗೆ ಮೂರು ಸಾಕು. ಮೊದಲನೆಯದು 25ನೇ ಪುಟದೊಳಗೆ ಬರಲಿ, ಅದು ಆಕಸ್ಮಿಕವಾಗಿರಲಿ. ಅದಕ್ಕೆ ಆಟಿ (ಜುಲೈ-ಆಗಸ್ಟಿನ ತುಳು ತಿಂಗಳು) ಅಮಾವಾಸ್ಯೆಯಷ್ಟು ಒಳ್ಳೆಯ ದಿನ ಸಿಗಲಿಕ್ಕಿಲ್ಲ. ಅಂದು ನಸುಕಿನಲ್ಲೇ ಹಾಲೆಮರದ ಕೆತ್ತೆಯನ್ನು (ತೊಗಟೆಯನ್ನು) ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದು, ಕಷಾಯ ಮಾಡಿ ಖಾಲಿ ಹೊಟ್ಟೆಗೆ ಕುಡಿಯುತ್ತಾರೆ. ಆಮೇಲೆ ಮೆಂತೆ ಗಂಜಿ. ಕತ್ತಲಲ್ಲಿ ಹಾಲೆಯೆಂದು ವಿಷದ ಕಾಸರಕ ಮರದ ಕೆತ್ತೆ ತಂದರೆ ಪ್ರಾಣವೇ ಹೋಗುತ್ತದೆಂಬುದು ಊರಿಗೆಲ್ಲ ಗೊತ್ತು. ಹಾಗಾಗಿ ಅಂದು ಮಾವ ಸತ್ತರೆ ಎಲ್ಲರೂ ದೂರುವುದು ಕೆತ್ತೆ ತಂದವನನ್ನು. ಲೋಟ ಕೊಡುವಾಗ ಕೈ ಹಿಡಿದವಳು ಯಾರೆಂದು ಹುಡುಗಿಗೆ ಮಾತ್ರ ಗೊತ್ತು. ಅಲ್ಲಿಗೆ ಅವಳ ಮೇಲೆ ಇನ್ನೊಬ್ಬನಿಗೆ ಬಂದ ಅಪವಾದದ ಹೊರೆಯೂ ಬಿತ್ತು.

ಕತೆ ಇಂದಿನದಾದರೆ ಸಾವು ಅಲ್ಲಿಗೇ ಮುಗಿಯದು. ಅಸಹಜ ಸಾವಿಗೆ ಪೊಲೀಸರು ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸುತ್ತಾರೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 194ನೇ ಸೆಕ್ಷನ್, ಹಳೆಯ ಸಿಆರ್‌ಪಿಸಿಯ 174 ಅಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ವಿಷದ ಅನುಮಾನ ಬಂದರೆ ಒಳಾಂಗದ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ಆ ವರದಿಯ ಕಾಯುವಿಕೆಯೇ ನಿಮ್ಮ ನಡುಭಾಗದ ಗಡಿಯಾರ. ನಾಯಕಿಯ ವಯಸ್ಸನ್ನೂ ಯೋಚಿಸಿ ಇಡಿ. 15 ಆದರೆ ವಿಚಾರಣೆ ಬಾಲನ್ಯಾಯ ಮಂಡಳಿಯಲ್ಲೇ. 16 ದಾಟಿದ್ದು ಆರೋಪ ಘೋರ ಅಪರಾಧದ್ದಾದರೆ, ದೊಡ್ಡವರಂತೆ ವಿಚಾರಿಸಬೇಕೇ ಎಂದು ಮಂಡಳಿ ಪ್ರಾಥಮಿಕ ಪರಿಶೀಲನೆ ಮಾಡಬೇಕಾಗುತ್ತದೆ.

ಶಕ್ತಿ ಬಂದದ್ದೆಲ್ಲಿಂದ? ಇಲ್ಲಿ ಜಾರುವವರು ಬಹಳ. ಪಂಜುರ್ಲಿ, ಗುಳಿಗನಂಥ ದೈವಗಳನ್ನು ವರ ಕೊಡುವ ಯಂತ್ರ ಮಾಡಬೇಡಿ, ನಾಗಬನಕ್ಕೆ ಮಂತ್ರವಾದಿಯನ್ನು ನುಗ್ಗಿಸಬೇಡಿ. ಜನ ಇವತ್ತಿಗೂ ಕೈಮುಗಿಯುವ ಜಾಗಗಳವು. ಅಲ್ಲಿನ ಕ್ರಮ ಒಂದು ತಪ್ಪಿದರೂ ಇಲ್ಲಿನ ಓದುಗರು ಪುಸ್ತಕ ಮುಚ್ಚುತ್ತಾರೆ. ತುಳುವಿನ ಕಥನಗೀತೆಗಳಾದ ಪಾಡ್ದನಗಳಿಂದ ಕಲಿಯಬೇಕಾದ್ದು ಬೇರೆಯೇ ಇದೆ. ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗ ಅವಳಿಗಳು ಚೆನ್ನೆಮಣೆ ಆಡುತ್ತ ಜಗಳಕ್ಕೆ ಬೀಳುತ್ತಾರೆ, ಅಕ್ಕ ಮಣೆ ಎತ್ತಿ ಹೊಡೆಯುತ್ತಾಳೆ, ತಂಗಿ ಸಾಯುತ್ತಾಳೆ, ಅಕ್ಕ ಬಾವಿಗೆ ಹಾರುತ್ತಾಳೆ. ಹದಿನಾಲ್ಕು ಗುಳಿಯ ಮರದ ಹಲಗೆ, ಒಂದು ಕ್ಷಣದ ಸಿಟ್ಟು, ಅಷ್ಟೇ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂಬ ನಂಬಿಕೆ ಇಲ್ಲಿ ಬಂದದ್ದೇ ಅದರಿಂದ. ನಿಮ್ಮ ಹುಡುಗಿಯ ಶಕ್ತಿಗೆ ಮೂಲಪುರಾಣ ಕೊಡದಿದ್ದರೂ ನಷ್ಟವಿಲ್ಲ, ಆದರೆ ಅದು ಹರಿಯುವುದು ಹೀಗೆ ಮನೆಯೊಳಗಿನ ಸಿಟ್ಟು, ಪ್ರೀತಿ, ಮರೆವಿನಿಂದಲೇ ಆಗಬೇಕು.

ಪ್ರೇಮದ ವಿಷಯಕ್ಕೆ ಒಂದೇ ಮಾತು: ಅವಳು ಮುಟ್ಟಿದರೂ ಸಾಯದ ಹುಡುಗನನ್ನು ತರಬೇಡಿ. ಅವನು ಬಂದ ಗಳಿಗೆಯಲ್ಲಿ ನೀವು ಕಟ್ಟಿದ ಭಯವೆಲ್ಲ ನೀರಾಯಿತು.

ಸಂಭಾಷಣೆಯಲ್ಲಿ ಮಂಗಳೂರು ಕೇಳಬೇಕು. "ನನ್ನಿಂದ ದೂರವಿರು, ನಾನು ಅಪಾಯಕಾರಿ" ಎಂದು ಇಲ್ಲಿನ ಯಾವ ಹುಡುಗಿಯೂ ಹೇಳುವುದಿಲ್ಲ. "ಎಂತ ಮಾರಾಯ್ತಿ, ಕೈ ಎಂತಕ್ಕೆ ಅಡಗಿಸ್ತಿ?" ಎಂದು ಗೆಳತಿ ಕೇಳಿದರೆ, "ಹತ್ರ ಬರ್ಬೇಡ, ನಂಗೆ ಜ್ವರ ಉಂಟು" ಎಂದಾಳು. ಆ ಸುಳ್ಳು ಕೆಲಸ ಮಾಡುತ್ತದೆ. ತುಳು, ಕೊಂಕಣಿ, ಬ್ಯಾರಿ ಮಾತು ಬೇಕಾದಲ್ಲಿ ಬರಲಿ. ಅರ್ಥ ಸಂದರ್ಭದಿಂದಲೇ ಹೊಳೆಯದಿದ್ದರೆ ಆ ಪದ ತೆಗೆಯಿರಿ.

ಕ್ಯಾಲೆಂಡರ್ ಒಂದು ಪಕ್ಕಕ್ಕಿರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, ಆದ್ದರಿಂದ ಜುಲೈಯಲ್ಲಿ ಅವಳು ಮಲ್ಪೆಯ ಟ್ರಾಲ್ ಬೋಟಿನಲ್ಲಿ ತಪ್ಪಿಸಿಕೊಂಡು ಹೋಗಲಾರಳು. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ದೋಣಿಯಿಲ್ಲ. ಮೇ ಕೊನೆಯಲ್ಲಿ, ಆಟ-ಉತ್ಸವಗಳು ನಿಲ್ಲುವ ಪತ್ತನಾಜೆ ದಿನಕ್ಕೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ; ಆಟಿಯ ರಾತ್ರಿ ಬಯಲಲ್ಲಿ ಯಕ್ಷಗಾನದ ಜನಜಂಗುಳಿ ಬರೆದರೆ ಊರವರು ನಗುತ್ತಾರೆ.

ಕೊನೆಯ ಮುಖಾಮುಖಿಯಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಹುಡುಗಿ ಸಿಕ್ಕಿಬಿದ್ದಾಗ ಶಕ್ತಿ ಏಕಾಏಕಿ ಹಿಗ್ಗುತ್ತದೆ, ಮುಟ್ಟದೆಯೇ ಕೊಲ್ಲುತ್ತದೆ. ಏಳರವರೆಗೆ ಎಣಿಸುತ್ತ ಬಂದ ಓದುಗರಿಗೆ ಅದು ಮೋಸ. ಅಲ್ಲೂ ಏಳೇ ಇರಲಿ, ಮಳೆಯೇ ಇರಲಿ. ಕರಡು ಮುಗಿದ ಮೇಲೆ ಹದಿನೈದರ ಆಸುಪಾಸಿನ ಇಬ್ಬರಿಗೆ ಓದಲು ಕೊಟ್ಟು, ಪುಸ್ತಕ ನೋಡದೆ ಶಕ್ತಿಯ ಕಟ್ಟಳೆಗಳನ್ನು ಬರೆದುಕೊಡಲು ಹೇಳಿ. ಇಬ್ಬರ ಚೀಟಿಯೂ ನಿಮ್ಮ ಮೇಜಿನ ಹಾಳೆಗೆ ಹೊಂದದಿದ್ದರೆ ತಿದ್ದಬೇಕಾದ್ದು ಕೊನೆಯನ್ನಲ್ಲ, ಮೊದಲ ಮೂರು ಅಧ್ಯಾಯಗಳನ್ನು.