ಮಳೆಗಾಲದಲ್ಲಿ ಗಿಟಾರಿನ ತಂತಿ ಝರ್ ಎಂದಾಗ ನಾನು ಮಾಡಿದ್ದು

ಮಂಗಳೂರಿನಲ್ಲಿ ಅಕೌಸ್ಟಿಕ್ ಗಿಟಾರ್ ಇಟ್ಟುಕೊಂಡವರಿಗೆ ಜೂನ್ ಕಳೆಯುವಷ್ಟರಲ್ಲಿ ತಂತಿಯ ಝರ್ ಸದ್ದಿನ ಕಾಟ ಶುರುವಾಗುವುದುಂಟು. ಕೂಡಲೇ ಸ್ಯಾಡಲ್‌ನ (ಗಿಟಾರಿನ ದೇಹದ ಮೇಲೆ ತಂತಿಗಳು ಆತು ನಿಲ್ಲುವ ಪಟ್ಟಿ) ಅಡಿಗೆ ಕಾಗದವನ್ನೋ ಪ್ಲಾಸ್ಟಿಕ್ ಚೂರನ್ನೋ ತುರುಕಿ ತಂತಿಗಳನ್ನು ಎತ್ತರಿಸುವವರನ್ನು ಬಹಳ ಕಂಡಿದ್ದೇನೆ. ನಾನು ಅದನ್ನು ಒಪ್ಪುವುದಿಲ್ಲ. ಸದ್ದು ಹುಟ್ಟುವ ಜಾಗ ಯಾವುದೆಂದು ಖಚಿತವಾಗುವ ತನಕ ವಾದ್ಯದ ಯಾವ ಭಾಗಕ್ಕೂ ಕೈ ಹಚ್ಚಬಾರದು.

ಕಳೆದ ಮಳೆಗಾಲದಲ್ಲಿ ನನ್ನ ಗಿಟಾರಿನ ದಪ್ಪ ಇ ಮತ್ತು ಎ ತಂತಿಗಳು ಮೊದಲ ನಾಲ್ಕು ಫ್ರೆಟ್‌ಗಳಲ್ಲಿ (ಬೆರಳೊತ್ತುವ ಹಲಗೆಯ ಮೇಲಿನ ಅಡ್ಡ ಲೋಹಪಟ್ಟಿಗಳು) ಮಾತ್ರ ಝರ್ ಎನ್ನುತ್ತಿದ್ದವು. ಅಲ್ಲಿಂದ ಮುಂದಕ್ಕೆ ನಾದ ಶುದ್ಧವಾಗಿತ್ತು. ಆದರೆ ಹನ್ನೆರಡನೆಯ ಫ್ರೆಟ್‌ನ ಮೇಲೆ ದಪ್ಪ ತಂತಿಯ ಎತ್ತರ ಸುಮಾರು 3 ಮಿ.ಮೀ. ಇತ್ತು, ಅಂದರೆ ಇರಬೇಕಾದ 2.4 ಮಿ.ಮೀ.ಗಿಂತ ಹೆಚ್ಚೇ. ತಂತಿ ಎತ್ತರದಲ್ಲಿದ್ದೂ ಫ್ರೆಟ್‌ಗೆ ತಾಗುವುದು ಹೇಗೆ? ತೇವ ಹೀರಿದ ಮೇಲ್ಹಲಗೆ ಉಬ್ಬಿ ಸ್ಯಾಡಲ್ ಕೂತಿರುವ ಬ್ರಿಡ್ಜನ್ನು ಮೇಲೆತ್ತುತ್ತದೆ. ಅದೇ ತೇವಕ್ಕೆ ಫ್ರೆಟ್‌ಬೋರ್ಡಿನ ಮರವೂ ಹಿಗ್ಗಿ ನೆಕ್ಕನ್ನು, ಅಂದರೆ ಗಿಟಾರಿನ ಕತ್ತನ್ನು, ಹಿಂದಕ್ಕೆ ಬಾಗಿಸುತ್ತದೆ. ಕಂಪಿಸುವ ತಂತಿಗೆ ಜಾಗ ಕೊಡಲು ನೆಕ್‌ನಲ್ಲಿ ಇರಬೇಕಾದ ಸಣ್ಣ ತಗ್ಗು ಆಗ ಇಲ್ಲವಾಗುತ್ತದೆ. ಇಂಥ ಗಿಟಾರಿನ ಸ್ಯಾಡಲ್ ಎತ್ತರಿಸಿದರೆ ನುಡಿಸುವುದು ಇನ್ನಷ್ಟು ಕಷ್ಟವಾದೀತೇ ಹೊರತು ಮೂಲದೋಷ ಹಾಗೆಯೇ ಉಳಿಯುತ್ತದೆ.

ಪರೀಕ್ಷೆಗೆ ಮೊದಲು ಶ್ರುತಿ ಸರಿಮಾಡಿಕೊಳ್ಳಬೇಕು, ಏಕೆಂದರೆ ಸಡಿಲ ತಂತಿ ತಾನೇ ಝರ್ ಎನ್ನುತ್ತದೆ. ಆಮೇಲೆ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ಒತ್ತಿ ನಿಧಾನವಾಗಿ ಮೀಟುತ್ತಾ ಹೋದೆ. ಒತ್ತದೆ ಮೀಟಿದಾಗ ಮಾತ್ರ ಸದ್ದು ಬಂದರೆ ನಟ್‌ನಲ್ಲಿ (ನೆಕ್‌ನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿ) ತಂತಿ ಕೂರುವ ಸೀಳು ಆಳವಾಗಿದೆ ಎಂದರ್ಥ. ಒಂದೇ ಸ್ವರದಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿರುತ್ತದೆ. ಎಲ್ಲಿ ಒತ್ತಿದರೂ ಒಂದೇ ಬಗೆಯ ಗಿರಗಿರ ಕೇಳಿದರೆ ತಂತಿ ಬಿಗಿಸುವ ಕಿವಿಯ ನಟ್ಟು ಸಡಿಲಾಗಿದೆಯೇ, ಮೇಲ್ಹಲಗೆಗೆ ಒಳಗಿನಿಂದ ಆಸರೆಯಾಗಿರುವ ಬ್ರೇಸ್ ಬಿಟ್ಟುಕೊಂಡಿದೆಯೇ ಎಂದು ನೋಡಬೇಕು.

ನೆಕ್‌ನ ತಗ್ಗನ್ನು ಅಳೆಯಲು ಬೈಕ್ ಮೆಕ್ಯಾನಿಕ್‌ಗಳು ಎಂಜಿನ್ನಿನ ಟ್ಯಾಪೆಟ್‌ನ ಸಂದು ಅಳೆಯಲು ಬಳಸುವ, ತೆಳು ಉಕ್ಕಿನ ಎಲೆಗಳ ಫೀಲರ್ ಗೇಜ್ ಸಾಕು. ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ, ದಪ್ಪ ತಂತಿಯನ್ನು ಹದಿನಾಲ್ಕನೆಯ ಫ್ರೆಟ್‌ನಲ್ಲಿ ಒತ್ತಿಹಿಡಿದು, ಏಳನೆಯ ಫ್ರೆಟ್‌ಗೂ ತಂತಿಗೂ ನಡುವೆ ಗೇಜಿನ ಎಲೆಯನ್ನು ತೂರಿಸಿ ನೋಡಿದೆ. 0.05 ಮಿ.ಮೀ.ನ ಎಲೆಯೂ ತಂತಿಯನ್ನು ಎತ್ತಿಯೇ ಒಳಹೋಗಬೇಕಾಯಿತು. ಅಲ್ಲಿ 0.15ರಿಂದ 0.25 ಮಿ.ಮೀ. ಇರಬೇಕು.

ತಂತಿಗಳನ್ನು ಸ್ವಲ್ಪ ಸಡಿಲಿಸಿ, ನಾದರಂಧ್ರದ ಮೂಲಕ ಅಲೆನ್ ಕೀ ಇಳಿಸಿ, ನೆಕ್‌ನೊಳಗೆ ಅದರ ಬಾಗನ್ನು ಹೊಂದಿಸುವ ಟ್ರಸ್ ರಾಡ್ ಎಂಬ ಸರಳಿನ ನಟ್ಟನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು ತಿರುಗಿಸಿದೆ. ಮತ್ತೆ ಶ್ರುತಿ ಮಾಡಿ, ಮರ ಹೊಂದಿಕೊಳ್ಳಲೆಂದು ರಾತ್ರಿಯಿಡೀ ಬಿಟ್ಟು, ಮರುದಿನ ಅಳೆದು, ಇನ್ನೂ ಸ್ವಲ್ಪ ಸಡಿಲಿಸಿದೆ. ಇಲ್ಲಿ ಆತುರ ಸಲ್ಲದು; ನಟ್ಟು ಬಿಗಿದು ನಿಂತಿದ್ದರೆ ಬಲ ಹಾಕದೆ ಬಲ್ಲವರಿಗೆ ತೋರಿಸುವುದೇ ಸರಿ. 0.2 ಮಿ.ಮೀ.ನ ಎಲೆ ತಂತಿಯನ್ನು ಅಲುಗಿಸದೆ ಜಾರಿಹೋದಾಗ ಎಫ್ ಕಾರ್ಡಿನ ಆರೂ ತಂತಿಗಳು ಬಿಡಿಬಿಡಿಯಾಗಿ ಕೇಳಿಸಿದವು.

ಬಿ ತಂತಿಯ ಏಳನೆಯ ಫ್ರೆಟ್‌ನಲ್ಲಿ ಮಾತ್ರ ಸಣ್ಣ ಸದ್ದು ಉಳಿದಿತ್ತು. ಏಳು, ಎಂಟು, ಒಂಬತ್ತನೆಯ ಫ್ರೆಟ್‌ಗಳ ಮೇಲೆ ನೇರ ಅಂಚಿನ ಉಕ್ಕಿನ ತುಂಡನ್ನಿಟ್ಟಾಗ ಅದು ಎಂಟನೆಯದರ ಮೇಲೆ ಓಲಾಡಿತು. ನೆಕ್‌ನ ಅಡಿಗೆ ಮೆತ್ತೆಯಿಟ್ಟು, ಫ್ರೆಟ್‌ನ ಮೇಲೆ ಮರದ ತುಂಡನ್ನಿರಿಸಿ ಸುತ್ತಿಗೆಯಿಂದ ಹಗುರವಾಗಿ ತಟ್ಟಿದಾಗ ಅದು ಕುಳಿತುಕೊಂಡಿತು. ಹಾಗೆ ಕೂರದಿದ್ದರೆ ಮಾತ್ರ ಅರದ ಕೆಲಸ.

ಇನ್ನು ಉಳಿದದ್ದು ತಂತಿಯ ಹೆಚ್ಚಿನ ಎತ್ತರ. ಹನ್ನೆರಡನೆಯ ಫ್ರೆಟ್‌ನ ಮೇಲೆ ತಂತಿಯ ಎತ್ತರವನ್ನು ಅರ್ಧ ಮಿ.ಮೀ. ಇಳಿಸಲು ಸ್ಯಾಡಲ್‌ನ ತಳವನ್ನು ಒಂದು ಮಿ.ಮೀ. ಉಜ್ಜಬೇಕು. ಮೂಲ ಸ್ಯಾಡಲ್ ಉಜ್ಜಲು ನಾನು ಹೋಗಲಿಲ್ಲ, ಏಕೆಂದರೆ ಜನವರಿಯ ಒಣಗಾಳಿಗೆ ಮೇಲ್ಹಲಗೆ ಮತ್ತೆ ತಗ್ಗುತ್ತದೆ. ಬದಲಿಗೆ ಮಳೆಗಾಲಕ್ಕೆಂದೇ ತಗ್ಗಿನ ಇನ್ನೊಂದು ಸ್ಯಾಡಲ್ ಮಾಡಿಕೊಂಡಿದ್ದೇನೆ. ಈಗ ಗಿಟಾರ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಮತ್ತು ಒಂದು ತೇವಮಾಪಕದ ಜೊತೆಗಿದೆ; ಅಳತೆ ಶೇಕಡಾ 60 ದಾಟಿದ ಕೂಡಲೇ ಜೆಲ್ ಬದಲಿಸುತ್ತೇನೆ.