ಹಳೆಯ ಡಿಜಿಟಲ್ ಕ್ಯಾಮೆರಾ ಕೊಳ್ತೀರಾ? ಮೊದಲು ಬ್ಯಾಟರಿ, ಕಾರ್ಡು ನೋಡಿ

ಅಂಗಿ ಜೇಬಿನಲ್ಲಿ ಹಿಡಿಯುವ ಪುಟ್ಟ ಡಿಜಿಟಲ್ ಕ್ಯಾಮೆರಾಗಳಿಗೆ ಮತ್ತೆ ಬೇಡಿಕೆ ಬಂದಿದೆ. ಕಾಲೇಜು ಮಕ್ಕಳು ಮನೆಯ ಬೀರು ತಡಕಾಡಿ ಹಳೆಯ ಇಕ್ಸಸ್, ಕೂಲ್‌ಪಿಕ್ಸ್, ಸೈಬರ್‌ಶಾಟ್ ಹೊರತೆಗೆಯುತ್ತಿದ್ದಾರೆ. ಸಿಗದವರು ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಿದ್ದಾರೆ. ಕೊಳ್ಳುವಾಗ ಎಲ್ಲರೂ ‘ಎಷ್ಟು ಮೆಗಾಪಿಕ್ಸೆಲ್?’ ಅಂತಲೇ ಶುರು ಮಾಡುತ್ತಾರೆ. ಅದನ್ನು ಕೊನೆಗೆ ಕೇಳಿದರೂ ನಡೆಯುತ್ತದೆ. ಬ್ಯಾಟರಿ ಮತ್ತು ಮೆಮೊರಿ ಕಾರ್ಡು ಈಗಲೂ ಸಿಗುತ್ತವಾ ಅನ್ನುವುದೇ ಮೊದಲ ಪ್ರಶ್ನೆ.

ಕಾರ್ಡು ಮತ್ತು ಬ್ಯಾಟರಿ

ಎಸ್‌ಡಿ ಕಾರ್ಡು ಹಾಕುವ ಕ್ಯಾಮೆರಾ ಆದರೆ ಚಿಂತೆ ಕಡಿಮೆ. ಹಳೆಯ ಒಲಿಂಪಸ್, ಫ್ಯೂಜಿಫಿಲ್ಮ್‌ಗಳಲ್ಲಿ ಎಕ್ಸ್‌ಡಿ ಕಾರ್ಡು ಇರುತ್ತಿತ್ತು. ಸೋನಿಯವರು 2010ರವರೆಗೂ ಮೆಮೊರಿ ಸ್ಟಿಕ್ ಎಂಬ ತಮ್ಮದೇ ಕಾರ್ಡು ಹಿಡಿದುಕೊಂಡೇ ಕೂತಿದ್ದರು. ಇವೆರಡನ್ನೂ ಈಗ ಹುಡುಕಿಕೊಂಡು ಅಲೆಯಬೇಕು. ಮಾರುವವರು ಕಾರ್ಡು ಸೇರಿಸಿ ಕೊಡದಿದ್ದರೆ ಬೇಡ ಅನ್ನಿ.

ಎಸ್‌ಡಿ ಸ್ಲಾಟ್ ಇದ್ದರೂ ಒಂದು ತೊಡಕಿದೆ. ಬರೀ ‘ಎಸ್‌ಡಿ’ ಅಂತ ಬರೆದಿರುವ ತೀರಾ ಹಳೆಯದಕ್ಕೆ 2 ಜಿಬಿಗಿಂತ ದೊಡ್ಡ ಕಾರ್ಡು ಹಿಡಿಸುವುದಿಲ್ಲ. ‘ಎಸ್‌ಡಿಎಚ್‌ಸಿ’ ಅಂತಿದ್ದರೆ 32 ಜಿಬಿ ತನಕ ನಡೆಯುತ್ತದೆ. 64 ಜಿಬಿ ಕಾರ್ಡು ತಂದು ಹಾಕಿ, ‘ಕಾರ್ಡ್ ಎರರ್’ ಬಂತೆಂದು ಕ್ಯಾಮೆರಾವನ್ನೇ ಬೈಯುವವರು ಬಹಳ ಮಂದಿ. ಯಾವ ಕಾರ್ಡೇ ಆಗಲಿ, ಹಳೆಯ ಫೋಟೊಗಳನ್ನು ಬೇರೆ ಕಡೆ ಇಳಿಸಿಕೊಂಡು ಕ್ಯಾಮೆರಾದಲ್ಲೇ ಒಮ್ಮೆ ಫಾರ್ಮ್ಯಾಟ್ ಮಾಡಿ.

ಬ್ಯಾಟರಿ ಉಬ್ಬಿದ್ದರೆ ಅದನ್ನು ಮುಟ್ಟದೆ ಹೊಸದು ಕೊಳ್ಳಿ. ಪೆನ್ಸಿಲ್ ಸೆಲ್ ಹಾಕುವ ಮಾದರಿ, ಕ್ಯಾನನ್‌ನ ಹಳೆಯ ಪವರ್‌ಶಾಟ್ ‘ಎ’ ಸರಣಿಯಂಥದ್ದು, ನನ್ನ ಪ್ರಕಾರ ಆರಂಭಕ್ಕೆ ಒಳ್ಳೆಯ ಆಯ್ಕೆ. ಸೆಲ್ ಎಲ್ಲ ಊರಲ್ಲೂ ಸಿಗುತ್ತದೆ. ಆದರೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಇದಕ್ಕೆ ಸಾಲುವುದಿಲ್ಲ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ತನ್ನಿ.

ಕೈಗೆ ಸಿಕ್ಕಾಗ ಹೀಗೆ ಪರೀಕ್ಷಿಸಿ

ಬ್ಯಾಟರಿ ಬಾಗಿಲು ತೆಗೆದು ಲೋಹದ ತುದಿಗಳನ್ನು ನೋಡಿ. ಹಸಿರು ಪಾಚಿಯಂತೆ ಕಿಲುಬು ಇದ್ದರೆ ಸೆಲ್ ಸೋರಿದೆ ಎಂದರ್ಥ. ಬಾಗಿಲಿನ ಕೊಕ್ಕೆ ಗಟ್ಟಿಯಾಗಿ ಕೂರುತ್ತದಾ ಅಂತಲೂ ನೋಡಿ. ಆಮೇಲೆ ಆನ್ ಮಾಡಿ, ಝೂಮನ್ನು ಪೂರ್ತಿ ಹೊರಗೆ ತಂದು ಒಳಗೆ ಕಳಿಸಿ. ಕರಕರ ಸದ್ದು ಬಂದರೆ ಒಳಗೆ ಮರಳು ಹೊಕ್ಕಿರಬಹುದು. ‘ಲೆನ್ಸ್ ಎರರ್’ ಬಂದರಂತೂ ವಾಪಸ್ ಕೊಡಿ. ಅದರ ರಿಪೇರಿ ಖರ್ಚು ಕ್ಯಾಮೆರಾ ಬೆಲೆಯನ್ನೇ ಮೀರಬಹುದು.

ಲೆನ್ಸ್ ಹೊರಗಿರುವಾಗ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಒರೆಸಿದರೆ ಹೋಗುವುದಿಲ್ಲ. ಕೊನೆಗೆ ಬಿಳಿ ಗೋಡೆಯದ್ದೊಂದು ಫೋಟೊ ತೆಗೆದು ಪರದೆಯ ಮೇಲೆ ದೊಡ್ಡದು ಮಾಡಿ. ಪ್ರತಿ ಫೋಟೊದಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ ಇದ್ದರೆ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಒಳಗಿನ ಚಿಪ್) ಮೇಲೆ ದೂಳು ಕೂತಿದೆ.

ಇನ್ನೊಂದು ಮಾತು. ಜಪಾನಿನಲ್ಲಿ ಮಾರುವುದಕ್ಕೆಂದೇ ಮಾಡಿದ ಕೆಲವು ಮಾದರಿಗಳಲ್ಲಿ ಮೆನು ಜಪಾನೀಸ್‌ನಲ್ಲಿ ಮಾತ್ರ ಇರುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವವರು ಮೆನುವಿನ ಫೋಟೊ ಕೇಳಿ ತರಿಸಿಕೊಳ್ಳಿ.

ಮೆಗಾಪಿಕ್ಸೆಲ್ ಅಲ್ಲ, ಸೆನ್ಸರ್

12 ಮೆಗಾಪಿಕ್ಸೆಲ್ ಅಂದರೆ ಸುಮಾರು 4000 × 3000 ಚುಕ್ಕೆ. ಎ4 ಅಳತೆಗೆ ಚೆಂದವಾಗಿ ಪ್ರಿಂಟ್ ಹಾಕಿಸಲು ಇಷ್ಟು ಧಾರಾಳ. ಬೆಳಕು ಕಮ್ಮಿ ಇರುವಲ್ಲಿ ವ್ಯತ್ಯಾಸ ತೋರಿಸುವುದು ಸೆನ್ಸರಿನ ಅಳತೆ. ಸಾಮಾನ್ಯ ಪುಟ್ಟ ಕ್ಯಾಮೆರಾಗಳದ್ದು ಸುಮಾರು 6.2 × 4.6 ಮಿಲಿಮೀಟರ್. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100ರದ್ದು 13.2 × 8.8. ಅಂದರೆ ನಾಲ್ಕು ಪಟ್ಟು ಜಾಸ್ತಿ ಜಾಗ. ಕೈಯಲ್ಲಿ ದುಡ್ಡಿದ್ದರೆ ಆ ಸಾಲಿನದ್ದನ್ನೇ ನೋಡಿ. ಇಲ್ಲವೆಂದರೆ ಹಗಲು ಬೆಳಕಿಗೆ ಚಿಕ್ಕದೂ ಸಾಕು.

ತೆಗೆಯುವಾಗ

ಮೆನುವಿಗೆ ಹೋಗಿ ಡಿಜಿಟಲ್ ಝೂಮ್ ಆಫ್ ಮಾಡಿ. ಅದು ಸುಮ್ನೆ ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೇ. ಬಟನ್ ಅರ್ಧ ಒತ್ತಿ, ಫೋಕಸ್ ಆಗಿ ಹಸಿರು ಚೌಕ ಬಂದ ಮೇಲೆ ಪೂರ್ತಿ ಒತ್ತಿ. ಮೊಬೈಲ್ ಅಭ್ಯಾಸವಾದವರು ಇದನ್ನೇ ಮರೆಯುತ್ತಾರೆ.

ಪುಟ್ಟ ಫ್ಲ್ಯಾಶಿನ ಬೆಳಕು ಮೂರು ನಾಲ್ಕು ಮೀಟರ್ ದಾಟುವುದು ಕಷ್ಟ. ರಾತ್ರಿ ತೇರಿಗೆ ಅಷ್ಟು ದೂರದಿಂದ ಫ್ಲ್ಯಾಶ್ ಹೊಡೆದರೆ ಮುಂದೆ ನಿಂತವರ ತಲೆಗಳಷ್ಟೇ ಬೆಳಗುತ್ತವೆ. ಮೈಸೂರು ಅರಮನೆಯ ದೀಪಾಲಂಕಾರಕ್ಕೂ ಫ್ಲ್ಯಾಶ್ ಬೇಡ. ಕ್ಯಾಮೆರಾವನ್ನು ಯಾವುದಾದರೂ ಕಟ್ಟೆಯ ಮೇಲಿಟ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 100 ಅಥವಾ 200ಕ್ಕೆ ಇಳಿಸಿ, 2 ಸೆಕೆಂಡ್ ಟೈಮರ್ ಹಾಕಿ. ಕೈ ಅಲುಗುವ ತೊಂದರೆ ಇರುವುದಿಲ್ಲ. ದೀಪಗಳು ಬೆಳ್ಳಗೆ ಕರಗಿದಂತೆ ಬಂದರೆ ಪ್ಲಸ್–ಮೈನಸ್ ಗುರುತಿನ ಬಟನ್‌ನಲ್ಲಿ ಮೈನಸ್ ಒಂದಕ್ಕೆ ತನ್ನಿ.

ಬೇಕಾದ ಸಾಮಾನು

ಪಟ್ಟಿ ಚಿಕ್ಕದು: ಮಣಿಕಟ್ಟಿಗೆ ಹಾಕುವ ದಾರ, ಇನ್ನೊಂದು ಬ್ಯಾಟರಿ, ಮೇಜಿನ ಮೇಲೆ ನಿಲ್ಲುವ ಸಣ್ಣ ಟ್ರೈಪಾಡ್. ಟ್ರೈಪಾಡಿನ ಸ್ಕ್ರೂ ಸಾಮಾನ್ಯವಾಗಿ ಕಾಲು ಇಂಚಿನದೇ. ಹಾಗಾಗಿ ಯಾವುದನ್ನು ತಂದರೂ ಹೊಂದುತ್ತದೆ.

ಮಲೆನಾಡು, ಕರಾವಳಿಯವರಿಗೆ ಒಂದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೂ ಬೇಕು. ಅದರೊಳಗೆ ಸಿಲಿಕಾ ಜೆಲ್ ಚೀಲ ಹಾಕಿ ಕ್ಯಾಮೆರಾ ಇಡಿ. ಚರ್ಮದ ಕೇಸು ನೋಡಲು ಚೆಂದ, ಆದರೆ ಮಳೆಗಾಲದಲ್ಲಿ ತೇವ ಹಿಡಿದು ಬೂಷ್ಟು ಬೆಳೆಸುತ್ತದೆ. ಅದರೊಳಗೆ ಇಡಲೇಬೇಡಿ. ಅಕ್ಕಿ ಡಬ್ಬಿಯಲ್ಲಿಡುವ ಉಪಾಯವೂ ಬೇಡ, ಅಕ್ಕಿಯ ಹುಡಿ ಲೆನ್ಸ್ ಸಂದಿಗೆ ಹೋಗುತ್ತದೆ. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂದರೆ ಬ್ಯಾಟರಿಯನ್ನು ಅರ್ಧ ಚಾರ್ಜ್ ಇರುವಾಗ ಹೊರತೆಗೆದು ಬೇರೆ ಇಡಿ. ಮತ್ತೆ ಹಾಕಿದಾಗ ತಾರೀಕು ಕೇಳಿದರೆ ಗಾಬರಿ ಬೇಡ, ಸರಿಪಡಿಸಿ ಮುಂದುವರಿಯಿರಿ.